ಖಾತೆ ತಡೆಹಿಡಿದದ್ದು ನ್ಯಾಯಾಲಯವೋ, ಪೊಲೀಸರೋ?

ಬ್ಯಾಡಗಿ ವರ್ತಕ:
ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮಾರುಕಟ್ಟೆಯಲ್ಲಿ ನಮ್ಮದೊಂದು ಸಣ್ಣ ಮೆಣಸಿನಕಾಯಿ ಅಂಗಡಿ ಇದೆ. ಕಳೆದ ತಿಂಗಳು ಪರಊರಿನ ಗಿರಾಕಿಯೊಬ್ಬರು ಎರಡು ಚೀಲ ಕಡ್ಡಿಕಾಯಿ ಒಯ್ದು ಯುಪಿಐ ಮೂಲಕ 18,500 ರೂಪಾಯಿ ಹಾಕಿದರು. ಹನ್ನೆರಡು ದಿನಗಳ ನಂತರ ಹಮಾಲರ ಪಗಾರಕ್ಕೆಂದು ಹಣ ತೆಗೆಯಲು ಹೋದರೆ, ಅದು ವಂಚನೆಯ ಹಣವೆಂದು ಬೇರೆ ರಾಜ್ಯದ ಪೊಲೀಸರಿಂದ ಪತ್ರ ಬಂದಿದೆ, ಆದ್ದರಿಂದ ಇಡೀ ಖಾತೆಯನ್ನೇ ಫ್ರೀಜ್ ಮಾಡಲಾಗಿದೆ ಎಂದು ಬ್ಯಾಂಕಿನವರು ತಿಳಿಸಿದರು. ಅದರಲ್ಲಿ ರೈತರಿಗೆ ಕೊಡಬೇಕಾದ 2,40,000 ರೂಪಾಯಿ ಇದೆ. ನ್ಯಾಯಾಲಯದ ಆದೇಶದ ಪ್ರತಿ ಕೇಳಿದರೆ ‘ಮೇಲಿನಿಂದ ಬಂದಿದೆ’ ಎಂಬುದಷ್ಟೇ ಉತ್ತರ. ಆದೇಶವಿಲ್ಲದೆ ಹೀಗೆ ಮಾಡಬಹುದೇ? ಹಣ ಸರ್ಕಾರದ ಪಾಲಾಗುತ್ತದೆಯೇ?

ಧಾರವಾಡದ ವಕೀಲ:
ಪೊಲೀಸರ ಜಪ್ತಿ, ನ್ಯಾಯಾಲಯದ ಮುಟ್ಟುಗೋಲು ಇವು ಎರಡು ಬೇರೆ ಬೇರೆ ಅಧಿಕಾರಗಳು, ಬ್ಯಾಂಕಿನವರು ಹೆಚ್ಚಾಗಿ ಎರಡನ್ನೂ ಬೆರೆಸಿ ಹೇಳುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಡಿ, ಅಪರಾಧದ ಸಂಶಯ ಹುಟ್ಟಿಸುವ ಸ್ವತ್ತನ್ನು ಪೊಲೀಸರು ತಾವೇ ಜಪ್ತಿ ಮಾಡಬಹುದು. ಬ್ಯಾಂಕ್ ಖಾತೆಯೂ ಸ್ವತ್ತೇ ಎಂದು ಸುಪ್ರೀಂ ಕೋರ್ಟ್ 1999ರಲ್ಲಿಯೇ, ಇದಕ್ಕೂ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 102ನೇ ಕಲಮಿಗೆ ಸಂಬಂಧಿಸಿ ಹೇಳಿದೆ. ಆದರೆ ಜಪ್ತಿಯ ವರದಿ ಕೂಡಲೇ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

107ನೇ ಕಲಮಿನ ದಾರಿಯೇ ಬೇರೆ. ಅಲ್ಲಿ ತನಿಖಾಧಿಕಾರಿ ಎಸ್‌ಪಿ ಅಥವಾ ಕಮಿಷನರ್ ಅನುಮೋದನೆ ಪಡೆದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ನ್ಯಾಯಾಲಯವು ಕಾರಣ ಕೇಳಿ 14 ದಿನಗಳ ನೋಟಿಸ್ ಕೊಡಬಹುದು, ನೋಟಿಸ್ ಕೊಟ್ಟರೆ ಹಣ ಕೈತಪ್ಪುತ್ತದೆ ಎನಿಸಿದರೆ ಮೊದಲೇ ಮಧ್ಯಂತರ ಮುಟ್ಟುಗೋಲು ಆದೇಶ ಹೊರಡಿಸಬಹುದು. ಅಪರಾಧದ ಗಳಿಕೆ ಎಂದು ತೀರ್ಮಾನವಾದ ಮೇಲೆ ಜಿಲ್ಲಾಧಿಕಾರಿಗಳು 60 ದಿನಗಳಲ್ಲಿ ಅದನ್ನು ಮೋಸ ಹೋದವರಿಗೆ ಹಂಚಬೇಕು. ಹಕ್ಕುದಾರರೇ ಇಲ್ಲದಿದ್ದರೆ ಅಥವಾ ಹಂಚಿ ಉಳಿದರೆ ಮಾತ್ರ ಅದು ಸರ್ಕಾರಕ್ಕೆ ಸೇರುತ್ತದೆ. ಆದ್ದರಿಂದ ರಾತ್ರೋರಾತ್ರಿ ಹಣ ಹೋಗುವ ಭಯ ಬೇಡ.

ಪತ್ರದಲ್ಲಿರುವ ಕಲಂ, ಅಪರಾಧ ಸಂಖ್ಯೆ ಮತ್ತು ಮೊತ್ತವನ್ನು ಬ್ಯಾಂಕಿಗೆ ಬರೆದು ಕೇಳಿರಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿರಿ. ಬಿಡುಗಡೆಯ ಅರ್ಜಿಯನ್ನು ಆ ಪೊಲೀಸ್ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಹಾಕಬೇಕಾಗುತ್ತದೆ. ಖಾತೆ ಇಲ್ಲಿಯೇ ಇರುವುದರಿಂದ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಸಲ್ಲಿಸಲು ವಾದಕ್ಕೆ ಆಸ್ಪದವಿದೆಯಾದರೂ, ಅದು ಮೊದಲ ಹೆಜ್ಜೆಯಾಗಬಾರದು ಎಂಬುದು ನನ್ನ ಅಭಿಪ್ರಾಯ.

ಗದಗದ ಅಂಗಡಿಕಾರ:
ನನಗೂ ಹೀಗೆಯೇ ಆಗಿತ್ತು. ಬಿಲ್ಲು, ತೂಕದ ಚೀಟಿ, ಗಿರಾಕಿಯೊಡನೆ ನಡೆದ ವಾಟ್ಸಾಪ್ ಮಾತುಕತೆ ಇವನ್ನೆಲ್ಲ ತನಿಖಾಧಿಕಾರಿಗೆ ಕಳುಹಿಸಿದ ಮೂರು ವಾರಗಳ ನಂತರ, ವಿವಾದದ ಮೊತ್ತವನ್ನಷ್ಟೇ ಹಿಡಿದಿಟ್ಟು ಉಳಿದುದನ್ನು ಬಿಟ್ಟರು. ಬಿಲ್ಲು ಬರೆಯದ ವ್ಯವಹಾರವಾಗಿದ್ದರೆ ಕಷ್ಟವಾಗುತ್ತಿತ್ತು.

ಹುಬ್ಬಳ್ಳಿ ಓದುಗ:
ಇಂಥ ತಡೆ 180 ದಿನಕ್ಕೆ ತಾನಾಗಿ ತೆರವಾಗುತ್ತದೆ ಎಂದು ಕೇಳಿದ್ದೇನೆ.

ಧಾರವಾಡದ ವಕೀಲ:
ಅದು 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಇ.ಡಿ. (ಜಾರಿ ನಿರ್ದೇಶನಾಲಯ) ಮಾಡುವ ತಾತ್ಕಾಲಿಕ ಮುಟ್ಟುಗೋಲಿನ ಅವಧಿ. ಇಲ್ಲಿಗೆ ಅನ್ವಯಿಸುವುದಿಲ್ಲ.

ಬ್ಯಾಡಗಿ ವರ್ತಕ:
ವಕೀಲ ಸಾಹೇಬರೇ, ನಿನ್ನೆ ಪತ್ರದ ಪ್ರತಿ ಸಿಕ್ಕಿತು. ಕಲಂ 106 ಎಂದಿದೆ, ಮೊತ್ತದ ಜಾಗದಲ್ಲಿ 18,500 ಎಂದಷ್ಟೇ ಇದೆ. ಇಡೀ ಖಾತೆಯನ್ನು ನಿಲ್ಲಿಸಿರೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಆ ಸಾಲಿಗೆ ಗೆರೆ ಎಳೆದು ಮ್ಯಾನೇಜರರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.