ಪದ ಬೇಕಾಗಿದೆ (ತುರ್ತು): ತಲೆಬುರುಡೆಯ ನಾಲ್ಕು ಎಲುಬುಗಳಿಗೆ ಕನ್ನಡ ಹೆಸರು

ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಬುರುಡೆಯ ಮಾದರಿ ಸಿಕ್ಕಿದೆ, ಪಕ್ಕದಲ್ಲಿ ಹೆಸರುಗಳ ಫ್ಲೆಕ್ಸ್ ಹಾಕಬೇಕು. ಅಂಗಡಿಯವ ‘ಸಂಜಿ ಆರರೊಳಗ ಮ್ಯಾಟರ್ ಕೊಡ್ರಿ, ಇಲ್ಲಾಂದ್ರ ನಾಡದು’ ಅಂದಿದ್ದಾನೆ. ಮಿದುಳಿನ ಸುತ್ತ 8, ಮುಖದಲ್ಲಿ 14, ಒಟ್ಟು 22 ಎಲುಬು. ಜೋಡಿಗಳಿಗೆ ಒಂದೇ ಹೆಸರಾದ್ದರಿಂದ 14 ಹೆಸರು ಸಾಕು. ಹಣೆ, ನೆತ್ತಿ, ಕಣತಲೆ, ಹಿಂದಲೆ, ಮೂಗು, ಕಣ್ಣೀರು, ಅಂಗುಳ, ಮೇಲ್ದವಡೆ, ಕೆಳದವಡೆ ಆಯಿತು. ಮೂಗಿನೊಳಗಿನ ಸುರುಳಿಗೆ ‘ಸುರುಳಿ ಎಲುಬು’ ಎಂದು ನಾನೇ ಹಾಕಿಬಿಟ್ಟೆ. ಉಳಿದದ್ದು ಜೈಗೋಮ್ಯಾಟಿಕ್, ವೋಮರ್, ಸ್ಫಿನಾಯ್ಡ್, ಎಥ್ಮಾಯ್ಡ್. ಮೊದಲನೆಯದು ಕೆನ್ನೆಯದು, ನಮ್ಮ ಕಡೆಯಂತೆ ‘ಗಲ್ಲದ ಎಲುಬು’ ಅನ್ನೋಣವೆಂದರೆ, ಮೈಸೂರು ಕಡೆಯ ಸಹೋದ್ಯೋಗಿ ಗಲ್ಲ ಎಂದು ತನ್ನ ಗದ್ದ ಮುಟ್ಟಿ ತೋರಿಸಿದಳು.

ಧಾರವಾಡದಿಂದ:

ಗಲ್ಲ ಬಿಡಿ. ಎಲುಬು ಎಂದು ಬರೆದಿರಿ, ಒಳ್ಳೆಯದಾಯಿತು. ಇನ್ನು ಯಾರಾದರೂ ‘ಅಸ್ಥಿ’ ಎಂದು ಬರುತ್ತಾರೆ. ಅಸ್ಥಿ ಎಂದರೆ ನಮ್ಮ ಮಂದಿಗೆ ಹೊಳೆಗೆ ಬಿಡುವುದು.

ಮೂಲದ ಅರ್ಥ ನೋಡಿದರೆ ನಿಮ್ಮ ತೊಡಕು ಅರ್ಧ ಗಳಿಗೆಯದು. ಗ್ರೀಕಿನ ಜೈಗಾನ್ ಎಂದರೆ ನೊಗ. ಎತ್ತಿನ ಜೋಡಿಯನ್ನು ನೊಗ ಕೂಡಿಸಿದಂತೆ ಈ ಎಲುಬು ಮೇಲ್ದವಡೆಯನ್ನೂ ಕಣತಲೆಯನ್ನೂ ಕೂಡಿಸುತ್ತದೆ. ಲ್ಯಾಟಿನ್ನಿನ ವೋಮರ್ ಎಂದರೆ ನೇಗಿಲ ಕುಳ, ನೆಲ ಸೀಳುವ ಅಲಗು. ಮೂಗಿನ ನಡುಗೋಡೆಯ ಕೆಳಗೆ, ಹಿಂಬದಿಗೆ ಒಂಟಿಯಾಗಿ ನಿಂತ ತೆಳು ಎಲುಬು, ಆಕಾರವೂ ಅದೇ. ಸ್ಫಿನಾಯ್ಡ್ ಬೆಣೆ. ಎಥ್ಮಾಯ್ಡ್ ಸಾಣಿಗೆ: ವಾಸನೆಯ ನರದ ಎಳೆಗಳು ಅದರ ತೂತುಗಳಲ್ಲೇ ಹಾದು ಮಿದುಳಿಗೆ ಹೋಗುತ್ತವೆ. ಹೆಸರಿಟ್ಟವರೇ ಹೊಲಕ್ಕೂ ಅಡಿಗೆಮನೆಗೂ ಹೋಗಿರುವಾಗ ನಾವೇಕೆ ಸಂಸ್ಕೃತದ ಕಪಾಟಿನ ಬೀಗ ತೆಗೆಯಬೇಕು?

ನೊಗದೆಲುಬು, ಕುಳದೆಲುಬು, ಬೆಣೆಯೆಲುಬು, ಸಾಣಿಗೆಲುಬು. ಬರೆದುಕೊಳ್ಳಿ. ‘ನೊಗಾಸ್ಥಿ’ ಮಾತ್ರ ಬೇಡ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ.

ಗದಗಿನಿಂದ:

ಕುಳ ಸರಿ. ಅದನ್ನ ‘ಕುಡ’ ಅಂತ ಅಚ್ಚು ಮಾಡಿಸಬ್ಯಾಡ್ರಿ. ನೇಗಿಲಿಗೆ ಕುಳ, ಕುಂಟಿಗೆ ಕುಡ. ಪ್ಯಾಟಿ ಮಂದಿ ಎರಡನ್ನೂ ಕೂಡಿಸಿ ಕೆಡಸ್ತಾರ.

ಹಾವೇರಿಯಿಂದ:

ವೈದ್ಯನಾಗಿ ಒಂದು ಮಾತು. ಜೈಗೋಮ್ಯಾಟಿಕ್‌ಗೆ ‘ಗಂಡಾಸ್ಥಿ’ ಎಂಬ ಸಿದ್ಧ ಸಂಸ್ಕೃತ ಪದವಿದೆ. ಗಂಡ ಎಂದರೆ ಕೆನ್ನೆ. ಆದರೆ ಹೈಸ್ಕೂಲಿನ ಗೋಡೆಗೆ ಅದನ್ನು ತೂಗುಹಾಕುವ ಧೈರ್ಯ ನನಗಿಲ್ಲ. ಹೆಂಡತಿಗೂ ಒಂದು ಎಲುಬು ಎಲ್ಲಿದೆ ಎಂದು ಹುಡುಗರು ಹುಡುಕುತ್ತಾರೆ.

ತಲೆಬರಹಕ್ಕೆ ‘ಕಪಾಲ’ವೂ ಬೇಡ. ಸುಶ್ರುತನ ಐದು ಬಗೆಯ ಎಲುಬುಗಳಲ್ಲಿ ಕಪಾಲ ಒಂದು ಬಗೆ, ಅದರಲ್ಲಿ ಮೊಣಕಾಲು, ಹೆಗಲಿನವೂ ಸೇರಿವೆ. ನಮ್ಮಲ್ಲಂತೂ ‘ಕಪಾಳಕ್ಕೆ ಕೊಟ್ಟ’ ಎಂದರೆ ಏಟು ಬಿದ್ದದ್ದು ಕೆನ್ನೆಗೆ. ಬುರುಡೆಯೇ ಇರಲಿ.

ಇನ್ನು ಧಾರವಾಡದ ಹಿರಿಯರಿಗೆ: ಸಂಸ್ಕೃತದಲ್ಲಿ ನೊಗಕ್ಕೆ ‘ಯುಗ’ ಎನ್ನುತ್ತಾರೆ, ನಮ್ಮ ನೊಗ ಅದರ ತದ್ಭವ ಎನ್ನುವವರಿದ್ದಾರೆ. ಜೈಗಾನ್ ಅದೇ ಯುಗದ ದಾಯಾದಿ. ಸಂಸ್ಕೃತವನ್ನು ತಲಬಾಗಿಲಿಂದ ದಬ್ಬಿ ಹಿತ್ತಿಲಿಂದ ಒಳಗೆ ಕರೆದಿರಲ್ಲ!

ಧಾರವಾಡದಿಂದ:

ತಮಿಳಿನ ‘ನುಗಂ’ ನೋಡಿ ಮಾತಾಡಿ. ಯಕಾರ ನಕಾರವಾಗುವ ದಾರಿ ತೋರಿಸಿ, ಇನ್ನೆರಡು ಉದಾಹರಣೆ ಕೊಡಿ, ಆಮೇಲೆ ತದ್ಭವ. ಕನ್ನಡದಲ್ಲಿ ಒಂದು ಒಳ್ಳೆಯ ಪದ ಕಂಡರೆ ಸಾಕು, ಅದರ ಅಪ್ಪನನ್ನು ಬೇರೆ ಊರಲ್ಲಿ ಹುಡುಕುವ ಚಟ.

ಹಾವೇರಿಯಿಂದ:

ಕಿವಿಯೊಳಗಿನ ಮೂರು ಸಣ್ಣ ಎಲುಬುಗಳಿಗೆ ಸುತ್ತಿಗೆ, ಅಡಿಗಲ್ಲು, ರಿಕಾಪು (ಕುದುರೆ ಸವಾರ ಕಾಲಿಡುವ ಬಳೆ) ಎನ್ನುತ್ತೇವೆ. ರಿಕಾಪು ಪಾರಸಿಯಿಂದ ಬಂದದ್ದು. ಅದನ್ನೂ ಕಿತ್ತು ಹಾಕುವಿರೋ? ಕುದುರೆಯ ಜೊತೆ ಬಂತು, ಉಳಿಯಿತು. ನಿಮ್ಮ ಮಾತಿನ ‘ಕಪಾಟು’ ಯಾವ ಊರಿನದು, ಅದನ್ನೂ ಹೇಳಿಬಿಡಿ.

ಗದಗಿನಿಂದ:

ಕಪಾಟಿನ ಜಗಳಕ್ಕ ಬ್ಯಾರೆ ಎಳೆ ಹಾಕ್ರಿ. ಅಕ್ಕಾವ್ರ ಫ್ಲೆಕ್ಸ್ ಏನಾತು?

ಹುಬ್ಬಳ್ಳಿಯಿಂದ:

ಐದೂವರೆಗೇ ಕಳಿಸಿಬಿಟ್ಟೆ. ನೊಗದೆಲುಬು, ಬೆಣೆ ಎಲುಬು, ಸಾಣಿಗೆ ಎಲುಬು ಹಾಗೇ ಹೋದವು. ಸಂಧಿ ಒಂದರಲ್ಲಿ ಮಾಡಿ ಉಳಿದೆರಡರಲ್ಲಿ ಬಿಟ್ಟದ್ದಕ್ಕೆ ಬೈಗುಳ ಬರಲಿದೆ, ಗೊತ್ತು. ‘ಸಾಣಿಗೆಲುಬು’ ಓದುವಾಗ ನನಗೇ ನಾಲಿಗೆ ತೊಡರಿತು. ಮಕ್ಕಳನ್ನು ಕೇಳಿ ನೋಡಿದೆ: ನೊಗ ಗೊತ್ತು, ಬೆಣೆ ಗೊತ್ತು, ಸಾಣಿಗೆ ಮನೆಯಲ್ಲೇ ಇದೆ. ಕುಳ ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಹೊಲಕ್ಕೆಲ್ಲ ಟ್ರ್ಯಾಕ್ಟರ್. ಒಬ್ಬ ‘ದೊಡ್ಡ ಕುಳ ಅಂದ್ರ ರೊಕ್ಕ ಇದ್ದಾವ ಅಲ್ರಿ?’ ಅಂದ. ಅದಕ್ಕೇ ‘ನೇಗಿಲೆಲುಬು’ ಅಂತ ಹಾಕಿಸಿದೆ.

ಧಾರವಾಡದಿಂದ:

ನೇಗಿಲು ಬೇರೆ, ಕುಳ ಬೇರೆ. ತಪ್ಪು.