ಸಹಾಯ ಬೇಕು: ಇಂಗ್ಲಿಷಲ್ಲಿ 'ಕ್ರಾಸ್' ಅಂದ್ರೆ ಎಷ್ಟು ಸಿಟ್ಟು?

ಎಲ್ರಿಗೂ ನಮಸ್ಕಾರ. ನಾನು ಬೆಂಗ್ಳೂರಲ್ಲಿದ್ದು ಲಂಡನ್ ಟೀಮ್ ಜೊತೆ ಕೆಲ್ಸ ಮಾಡ್ತೀನಿ. ರಿಪೋರ್ಟ್ ಎರಡು ದಿನ ಲೇಟಾಯ್ತು ಅಂತ ಅಲ್ಲಿನ ಮೇಡಂ ನಿನ್ನೆ ಮೇಲ್ ಹಾಕಿದಾರೆ, 'ಐ ಆಮ್ ಎ ಬಿಟ್ ಕ್ರಾಸ್ ಅಬೌಟ್ ದಿಸ್' ಅಂತ. ನಂಗೆ ಕ್ರಾಸ್ ಅಂದ್ರೆ ರೋಡ್ ದಾಟೋದು, ಇಲ್ಲಾ ನಾಕನೇ ಕ್ರಾಸು, ಅಷ್ಟೇ ಗೊತ್ತಿದ್ದಿದ್ದು.

ಡಿಕ್ಷನರಿ ನೋಡ್ದೆ. ಸಿಟ್ಟಾಗಿರೋದು, ರೇಗಿರೋದು ಅಂತಿದೆ, ಬ್ರಿಟಿಷರೇ ಜಾಸ್ತಿ ಬಳಸೋದಂತೆ, ವ್ಯಕ್ತಿ ಮೇಲೆ ಸಿಟ್ಟಾದ್ರೆ 'ಕ್ರಾಸ್ ವಿತ್', ವಿಷಯಕ್ಕಾದ್ರೆ 'ಕ್ರಾಸ್ ಅಬೌಟ್', ಇಲ್ಲಿವರೆಗೂ ಅರ್ಥ ಆಯ್ತು. ಅಮೆರಿಕದಲ್ಲಿರೋ ಅಕ್ಕನ್ನ ಕೇಳಿದ್ರೆ ನಮ್ ಕಡೆ ಇದಕ್ಕೆ 'ಮ್ಯಾಡ್' ಅಂತಾರೆ, ಕ್ರಾಸ್ ಅಷ್ಟಾಗಿ ಕೇಳಲ್ಲ ಅಂದ್ಳು.

ನಾನು ಸಿಕ್ಕಾಕೊಂಡಿರೋದು ಇಲ್ಲಿ. ನಮ್ಮಲ್ಲಿ ಮುನಿಸು ಬೇರೆ, ಸಿಡುಕು ಬೇರೆ, ಕೋಪ ಬೇರೆ, ಒಂದಿದ್ದ ಕಡೆ ಇನ್ನೊಂದು ಹಾಕಕ್ಕಾಗಲ್ಲ. ಇಂಗ್ಲೆಂಡಲ್ಲಿ ಹಟ ಮಾಡೋ ಮಗೂಗೆ 'ಮಮ್ಮಿ ಈಸ್ ಕ್ರಾಸ್ ವಿತ್ ಯು' ಅಂತಾರಂತೆ, ಹಾಗಾದ್ರೆ ಇದು ಹಗುರವಾದ ಪದ ಅಲ್ವಾ? ಆದ್ರೆ ಆ 'ಎ ಬಿಟ್' ನೋಡಿದ್ರೆ ಭಯ ಆಗತ್ತೆ, ಯಾಕಂದ್ರೆ ಅಲ್ಲಿಯವ್ರು ದೊಡ್ಡ ಸಿಟ್ಟನ್ನೂ ಚಿಕ್ಕದು ಮಾಡಿ ಹೇಳೋದುಂಟು. ರಾತ್ರಿಯೆಲ್ಲಾ ಅದೇ ಯೋಚ್ನೆ, ಇನ್ನೂ ರಿಪ್ಲೈ ಮಾಡಿಲ್ಲ.

ಯುಕೆಲಿ ಇರೋರು ದಯವಿಟ್ಟು ಹೇಳಿ, ಆಫೀಸ್ ಮೇಲಲ್ಲಿ ಈ ಪದ ಬಂದ್ರೆ ಬರೀ ಬೇಜಾರು ಅಂತ ತಗೋಬೇಕಾ, ನಿಜವಾಗ್ಲೂ ಕೋಪ ಅಂತಾನಾ? ಮತ್ತೆ ರಿಪ್ಲೈನಲ್ಲಿ ನಾನೂ 'ಕ್ರಾಸ್' ಅಂತ ಬರೀಬಹುದಾ, ಇಲ್ಲಾ 'ಅನಾಯ್ಡ್' ಅಂದ್ರೆ ಸರಿನಾ?