ಆನ್‌ಲೈನ್ ಇದ್ದರೂ ಜನ ಪಂಚಾಯತಿ ಕಚೇರಿಗೇ ಯಾಕೆ ಬರುತ್ತಾರೆ?

ಪ್ರಶ್ನೆ (ಗ್ರಾಮ ಪಂಚಾಯತಿ ಸದಸ್ಯೆ, ಯಾದಗಿರಿ ಜಿಲ್ಲೆ): ಸರ್ಕಾರಿ ಸೇವೆಗೆ ಅರ್ಜಿ ಹಾಕಲು ನಮ್ಮ ಪಂಚಾಯತಿಯಲ್ಲೇ ಬಾಪೂಜಿ ಸೇವಾ ಕೇಂದ್ರ ಇದೆ, ಪಕ್ಕದ ಊರಲ್ಲಿ ಗ್ರಾಮ ಒನ್ ಕೇಂದ್ರ ಇದೆ. ಕಿರಾಣಿ ಅಂಗಡಿಯಲ್ಲಿ ಎಲ್ಲರೂ ಫೋನ್‌ಪೇ ಮಾಡುತ್ತಾರೆ. ಇ-ಸ್ವತ್ತು ಉತಾರ (ಮನೆ, ಜಾಗದ ಆನ್‌ಲೈನ್ ದಾಖಲೆ) ಬೇಕು ಅಂದರೆ ಮಾತ್ರ ಕಾಗದ ಹಿಡಿದು ಕಚೇರಿಗೇ ಬರುತ್ತಾರೆ, ಇಲ್ಲಾಂದ್ರೆ ಏಜೆಂಟರ ಕೈಗೆ ದುಡ್ಡು ಕೊಡುತ್ತಾರೆ. ಜಾಗೃತಿ ಸಭೆ ಮಾಡಿದರೆ ಸಾಕಾ?

ಉತ್ತರ (ಪಂಚಾಯತಿ ಸಿಬ್ಬಂದಿಯ ತರಬೇತುದಾರರು, ಕಲಬುರಗಿ): ಸಭೆ ಮಾಡಿ ಮೇಡಂ, ಆದರೆ ಅದೊಂದೇ ಸಾಲದು. ಫೋನ್‌ಪೇ ಮಾಡುವವರಿಗೆ ಮೊಬೈಲ್ ಬಳಸಲು ಬರಲ್ಲ ಅನ್ನೋಕಾಗಲ್ಲ, ಅಲ್ವಾ? ಅಂಗಡಿಯಲ್ಲಿ ದುಡ್ಡು ಹೋದ ಕೂಡಲೇ ಪೆಟ್ಟಿಗೆ ಕೂಗಿ ಹೇಳುತ್ತದೆ, ಸಾಮಾನು ಕೈಗೆ ಬರುತ್ತದೆ. ನಮ್ಮಲ್ಲಿ ಅರ್ಜಿ ಹಾಕಿದ ಮೇಲೆ ಅದು ಯಾರ ಹತ್ತಿರ ನಿಂತಿದೆ ಅಂತಲೇ ಗೊತ್ತಾಗಲ್ಲ. ಏಜೆಂಟ್ ಮಾರುವುದು ಆ ಉತ್ತರವನ್ನೇ.

ನಾನು ಜಾಸ್ತಿ ನೋಡುವ ತೊಡಕು ದಾಖಲೆಯದ್ದು. ಆಧಾರ್‌ನಲ್ಲಿ ಶರಣಪ್ಪ, ಪಂಚಾಯತಿ ರಿಜಿಸ್ಟರಿನಲ್ಲಿ ಶರಣಬಸಪ್ಪ. ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ, ಅಣ್ಣತಮ್ಮಂದಿರ ವಾಟ್ನಿ (ಆಸ್ತಿ ಪಾಲು) ಕಾಗದಕ್ಕೆ ಬಂದಿಲ್ಲ. ಇಂಥವರಿಗೆ ಇ-ಸ್ವತ್ತಿನ ನಮೂನೆ 9, 11ಎ ಆನ್‌ಲೈನಲ್ಲಿ ಸಿಗುತ್ತದೆ ಅಂತ ಮೈಕಿನಲ್ಲಿ ಹೇಳಿ ಏನು ಉಪಯೋಗ? ಮೊದಲು ವಾರ್ಡ್ ವಾರ್ಡಿಗೆ ಹೋಗಿ ಹೆಸರು, ವಾರಸುದಾರಿಕೆ ಸರಿ ಮಾಡಿಸಿ. ಬೇಸರದ ಕೆಲಸ, ಆದರೆ ಇದಿಲ್ಲದೆ ಮುಂದಿನದು ಯಾವುದೂ ನಡೆಯಲ್ಲ.

ಎರಡನೆಯದು ಓಟಿಪಿ. ಆಧಾರ್‌ಗೆ ಜೋಡಿಸಿದ ಸಿಮ್ ಪುಣೆಗೆ ದುಡಿಯಲು ಹೋದ ಮಗನ ಹತ್ತಿರ ಇರುತ್ತದೆ. ಇಲ್ಲಿ ತಾಯಿ ಕೌಂಟರ್ ಮುಂದೆ ನಿಂತಿರುತ್ತಾಳೆ, ಅಲ್ಲಿ ಅವನು ಸೆಂಟ್ರಿಂಗ್ ಮೇಲಿಂದ ಫೋನ್ ಎತ್ತುವಷ್ಟರಲ್ಲಿ ಓಟಿಪಿ ಟೈಮ್ ಮುಗಿದಿರುತ್ತದೆ. ಹೆಬ್ಬೆಟ್ಟು ಒತ್ತೋಣ ಅಂದರೆ ತೊಗರಿ ಕೊಯ್ದು, ಹತ್ತಿ ಬಿಡಿಸಿ ಬೆರಳ ಗೆರೆ ಸವೆದಿರುತ್ತವೆ. ಮಷಿನ್ ತಗೊಳ್ಳಲ್ಲ. ಅವಳು ಆನ್‌ಲೈನ್ ಬೇಡ ಅಂದಿಲ್ಲ, ಆನ್‌ಲೈನೇ ಅವಳನ್ನು ವಾಪಸ್ ಕಳಿಸಿತು.

ಮರುಪ್ರಶ್ನೆ (ಡಾಟಾ ಎಂಟ್ರಿ ಆಪರೇಟರ್, ಬೀದರ್ ಜಿಲ್ಲೆ): ಸರ್, ನಮ್ಮಲ್ಲಿ ಸರ್ವರ್ ಡೌನ್, ಕರೆಂಟ್ ಇಲ್ಲ. ಬೈಗುಳ ಮಾತ್ರ ನಮಗೆ. ನಾವೇನು ಮಾಡೋಣ?

ಉತ್ತರ: ನಿಮ್ಮ ಕಷ್ಟ ನಿಜ. ಯುಪಿಎಸ್ ಬ್ಯಾಟರಿ ಹೋಗಿದ್ದರೆ ಪಿಡಿಒಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ) ಲಿಖಿತವಾಗಿ ಕೊಡಿ, ಸಾಮಾನ್ಯ ಸಭೆಯಲ್ಲಿ ಇಡಿಸಿ. ಸರ್ವರ್ ನಿಮ್ಮ ಕೈಯಲ್ಲಿಲ್ಲ. ಆದರೆ "ನಾಳೆ ಬಾ" ಅನ್ನುವ ಬದಲು ಕಾಗದ ಪೂರ್ತಿ ಪರಿಶೀಲಿಸಿ ಇಟ್ಟುಕೊಂಡು, ಅರ್ಜಿ ಏರಿದ ಮೇಲೆ ಫೋನ್ ಮಾಡಿ ಹೇಳಿ. ಗಡಿ ಊರುಗಳಲ್ಲಿ ಮರಾಠಿ, ಉರ್ದು ಮಾತಾಡುವವರು ಬರುತ್ತಾರೆ, ಅವರ ಮಾತಲ್ಲೇ ನಾಲ್ಕು ಮಾತು ಹೇಳಿದರೆ ಏಜೆಂಟರ ಹತ್ತಿರ ಯಾಕೆ ಹೋಗುತ್ತಾರೆ?

ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡಬೇಕು ಅನ್ನುವ ರಾಜ್ಯದ 'ಸಕಾಲ' ಯೋಜನೆಯ ಪಟ್ಟಿಯಲ್ಲಿರುವ ಸೇವೆಯಾದರೆ ಸ್ವೀಕೃತಿ ಸಂಖ್ಯೆಯನ್ನು ಪ್ರಿಂಟ್ ಮಾಡಿ ಕೈಗೆ ಕೊಡಲೇಬೇಕು. ಸಕಾಲದ 2011ರ ಕಾಯ್ದೆ ಪ್ರಕಾರ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಇದನ್ನು ಕೌಂಟರ್ ಪಕ್ಕದ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ.

ಮರುಪ್ರಶ್ನೆ (ಸದಸ್ಯೆ): ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬದಲಿಸಲು ಮುದುಕರು ತಾಲೂಕಿಗೆ ಹೋಗಲೇಬೇಕಾ?

ಉತ್ತರ: ಬೇಕಿಲ್ಲ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ಮೊಬೈಲ್ ನಂಬರ್ ಬದಲಿಸುವ ಸೇವೆ 2021ರಲ್ಲಿ ಶುರುವಾಗಿದೆ. ನಿಮ್ಮ ಅಂಚೆ ಕಚೇರಿಯಲ್ಲಿ ಮಾತಾಡಿ ಒಂದು ದಿನ ಗೊತ್ತು ಮಾಡಿ. ಊರ ಹೊರಗಿನ ತಾಂಡಾದಿಂದಲೇ ಶುರು ಮಾಡಿ.